ಸ್ಕ್ರೂ ಬಿಚ್ಚುವ ಮುನ್ನ: ಮೊಬೈಲ್ ಕೆಟ್ಟಿದ್ದು ಯಾವ ಪದರದಲ್ಲಿ?

ಕಳೆದ ಬೇಸಿಗೆಯಲ್ಲಿ ಜೇವರ್ಗಿ ಕಡೆಯ ರೈತರೊಬ್ಬರು ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಇರುವ ನನ್ನ ರಿಪೇರಿ ಮೇಜಿನ ಮೇಲೆ ಫೋನೊಂದನ್ನು ಇಟ್ಟರು. ಕ್ಯಾಮೆರಾ ತೆರೆದರೆ ಬರೀ ಕಪ್ಪು. ಅಷ್ಟರೊಳಗೆ ಬೇರೆ ಕಡೆ ಎರಡು ಬಾರಿ ಕ್ಯಾಮೆರಾ ಬದಲಿಸಿಕೊಂಡು, ಎರಡು ಬಾರಿಯೂ ದುಡ್ಡು ಕೊಟ್ಟು ಬಂದಿದ್ದರು. ಪರದೆಯ ಮೇಲಂಚಿನಿಂದ ಪಟ್ಟಿ ಕೆಳಗೆಳೆದು ನೋಡಿದೆ. ಕ್ಯಾಮೆರಾ ಪ್ರವೇಶದ ಗುಂಡಿ ಆಫ್ ಆಗಿತ್ತು. ಒತ್ತಿದ ಕೂಡಲೇ ಅಂಗಡಿಯ ಫ್ಯಾನು, ನನ್ನ ಮುಖ, ಅವರ ಪೇಟ ಎಲ್ಲವೂ ಕಂಡವು. ಮೊದಲಿನ ಕ್ಯಾಮೆರಾಕ್ಕೆ ಏನೂ ಆಗಿರಲೇ ಇಲ್ಲ.

ಇದರ ಉಲ್ಟಾ ಪ್ರಕರಣಗಳೂ ಅಷ್ಟೇ ಬರುತ್ತವೆ. ಒಳಗೆ ಕೇಬಲ್ ಹರಿದಿರುತ್ತದೆ, ಇವರು ನಾಲ್ಕು ಸಲ ಫ್ಯಾಕ್ಟರಿ ರಿಸೆಟ್ ಮಾಡಿ ಮಗಳ ಮದುವೆಯ ಫೋಟೊಗಳನ್ನೆಲ್ಲ ಕಳೆದುಕೊಂಡಿರುತ್ತಾರೆ. ಎರಡೂ ಒಂದೇ ಬಗೆಯ ತಪ್ಪು. ಮಾತು ಎಲ್ಲಿ ತುಂಡಾಗಿದೆ ಎಂದು ಕೇಳದೆ ಕೈ ಹಾಕುವ ತಪ್ಪು. ಈ ಬರಹ ಆಂಡ್ರಾಯ್ಡ್ ಫೋನ್‌ಗಳಿಗೆ ಸೀಮಿತ.

## ಮೊದಲು ಒಂದಿಷ್ಟು ಹಿನ್ನೆಲೆ

ಆ್ಯಪ್ ಎಂದೂ ಯಂತ್ರಾಂಶವನ್ನು ನೇರವಾಗಿ ಮುಟ್ಟುವುದಿಲ್ಲ. ನಮ್ಮ ಎಪಿಎಂಸಿಯನ್ನು ನೆನಪಿಸಿಕೊಳ್ಳಿ. ದಾಲ್ ಮಿಲ್ಲಿನವರಿಗೆ ತೊಗರಿ ಬೇಕೆಂದರೆ ಅವರು ಗೋದಾಮಿಗೆ ನುಗ್ಗಿ ಚೀಲ ಎತ್ತುವುದಿಲ್ಲ. ದಲಾಲಿ ಅಂಗಡಿಗೆ ಹೇಳುತ್ತಾರೆ. ಅಲ್ಲಿ ಚೀಟಿ ಬರೆಯುತ್ತಾರೆ. ಚೀಟಿ ಗೋದಾಮಿನ ಮೇಸ್ತ್ರಿಗೆ ಹೋಗುತ್ತದೆ. ಯಾವ ಸಾಲಿನ ಯಾವ ಚೀಲ ಎಂದು ಅವನು ಹಮಾಲಿಗೆ ತೋರಿಸುತ್ತಾನೆ. ಹಮಾಲಿ ಎತ್ತುತ್ತಾನೆ.

ಫೋನಿನಲ್ಲಿ ಮಿಲ್ಲಿನವರ ಜಾಗದಲ್ಲಿ ಆ್ಯಪ್ ಇದೆ. ದಲಾಲಿ ಅಂಗಡಿ ಎಂದರೆ ಆಂಡ್ರಾಯ್ಡ್‌ನ ಫ್ರೇಮ್‌ವರ್ಕ್ ಮತ್ತು ಸಿಸ್ಟಂ ಸೇವೆಗಳು. ಅನುಮತಿ ಇದೆಯೇ, ಬೇರೆಯವರು ಬಳಸುತ್ತಿದ್ದಾರೆಯೇ ಎಂದು ನೋಡುವುದು ಅವುಗಳ ಕೆಲಸ. ಚೀಟಿ ಒಯ್ಯುವ ವ್ಯವಸ್ಥೆಗೆ ಬೈಂಡರ್ ಎಂದು ಹೆಸರು. ಗೋದಾಮಿನ ಮೇಸ್ತ್ರಿಯೇ ಹ್ಯಾಲ್, ಅಂದರೆ ಆಂಡ್ರಾಯ್ಡ್‌ನ ಸಾಮಾನ್ಯ ಭಾಷೆಯ ಕೋರಿಕೆಯನ್ನು ಆಯಾ ಕಂಪನಿಯ ಚಿಪ್‌ಗೆ ತಿಳಿಯುವಂತೆ ಬದಲಿಸುವ ಪದರ. ಹಮಾಲಿ ಎಂದರೆ ಚಿಪ್ಪನ್ನು ನೇರವಾಗಿ ನಡೆಸುವ ಡ್ರೈವರ್; ಅದು ಇರುವುದು ಆಂಡ್ರಾಯ್ಡ್‌ನ ತಳಹದಿಯಾದ ಲಿನಕ್ಸ್ ಕರ್ನಲ್ ಒಳಗೆ. ಅದರ ಕೆಳಗೆ ಚಿಪ್, ಅದಕ್ಕೆ ಹೋಗುವ ತೆಳು ಪಟ್ಟಿ ಕೇಬಲ್, ಕನೆಕ್ಟರ್, ಕರೆಂಟು. ಚೀಲ ಬರಲಿಲ್ಲ ಎಂದ ಮಾತ್ರಕ್ಕೆ ತೊಗರಿಯೇ ಬೆಳೆದಿಲ್ಲ ಎಂದು ತೀರ್ಮಾನಿಸುವವರು ನಮ್ಮ ವೃತ್ತಿಯಲ್ಲಿ ಬಹಳ ಮಂದಿ ಇದ್ದಾರೆ.

2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಗೂಗಲ್ ಈ ಸಾಲನ್ನು ನಡುವೆ ಕತ್ತರಿಸಿ ಎರಡು ಪಾಲು ಮಾಡಿತು. ಮೇಲಿನ ಆಂಡ್ರಾಯ್ಡ್ ಒಂದು ವಿಭಾಗದಲ್ಲಿ, ಚಿಪ್ ತಯಾರಕರ ಹ್ಯಾಲ್ ಇನ್ನೊಂದು ವಿಭಾಗದಲ್ಲಿ. ಆ ಯೋಜನೆಗೆ ಟ್ರೆಬಲ್ ಎಂದು ಹೆಸರು. ಕೆಳಗಿನದನ್ನು ಪೂರ್ತಿ ಮತ್ತೆ ಬರೆಯದೆ ಮೇಲಿನದನ್ನು ನವೀಕರಿಸುವ ಅನುಕೂಲ ಇದರಿಂದ ಸಿಕ್ಕಿತು. ಅಪ್‌ಡೇಟ್ ಆದ ಮರುದಿನ ಬೆರಳಚ್ಚೋ ಕ್ಯಾಮೆರಾವೋ ಒಂದೇ ಒಂದು ಭಾಗ ಮೂಕವಾಗಿ, ಉಳಿದದ್ದೆಲ್ಲ ಸರಿಯಿದ್ದರೆ ಈ ಎರಡು ಪಾಲುಗಳ ನಡುವಿನ ಮಾತು ಕೆಟ್ಟಿದೆ ಎಂದು ಮೊದಲು ಅನುಮಾನಿಸಬೇಕು.

ಯಾವ ದೋಷಕ್ಕಾದರೂ ನಾನು ಕೇಳುವುದು ಮೂರೇ ಪ್ರಶ್ನೆ. ಒಂದೇ ಆ್ಯಪ್‌ನಲ್ಲಿ ಹೀಗಾಗುತ್ತದೆಯೇ, ಎಲ್ಲದರಲ್ಲೂ ಆಗುತ್ತದೆಯೇ? ಸೇಫ್ ಮೋಡ್‌ನಲ್ಲೂ ಆಗುತ್ತದೆಯೇ? ಆಂಡ್ರಾಯ್ಡ್ ಏಳುವ ಮುನ್ನವೇ, ಕಂಪನಿಯ ಲೋಗೋ ಬರುವಾಗಲೇ ಆಗುತ್ತದೆಯೇ? ಒಂದೇ ಆ್ಯಪ್‌ನಲ್ಲಿದ್ದರೆ ದೋಷ ಮೇಲಿದೆ. ಲೋಗೋ ಹಂತದಲ್ಲೇ ಇದ್ದರೆ ಕೆಳಗಿದೆ. ನಡುವಿನದು ಸೇಫ್ ಮೋಡ್‌ನಲ್ಲಿ ತಿಳಿಯುತ್ತದೆ. ಪವರ್ ಗುಂಡಿ ಒತ್ತಿ, ಪರದೆಯ ಮೇಲೆ ಬರುವ ಆಫ್ ಆಯ್ಕೆಯನ್ನು ಹಾಗೆಯೇ ಒತ್ತಿ ಹಿಡಿದರೆ ಬಹುತೇಕ ಫೋನ್‌ಗಳು ಸೇಫ್ ಮೋಡ್‌ಗೆ ಹೋಗುತ್ತವೆ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಆನ್ ಆಗುವಾಗ ಧ್ವನಿ ತಗ್ಗಿಸುವ ಗುಂಡಿ ಹಿಡಿಯಬೇಕು. ಅಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಮರಳುತ್ತವೆ, ಯಾವುದೂ ಅಳಿಯುವುದಿಲ್ಲ.

## ಇವು ಕಂಡರೆ ಮುಂದೆ ಓದಬೇಡಿ, ಫೋನ್ ಕೆಳಗಿಡಿ

ಹಿಂಬದಿಯ ಮುಚ್ಚಳ ಉಬ್ಬಿದೆ. ಪರದೆ ಒಂದು ಅಂಚಿನಲ್ಲಿ ಮೇಲೆದ್ದಿದೆ. ಸಿಹಿಯಾದ ಘಾಟು ವಾಸನೆ ಬರುತ್ತಿದೆ. ಚಾರ್ಜಿಗೆ ಹಾಕದಿದ್ದರೂ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಇವು ಬ್ಯಾಟರಿಯ ಗುರುತುಗಳು. ಯಾವ ಸೆಟ್ಟಿಂಗ್‌ನಿಂದಲೂ ಸರಿಹೋಗುವುದಿಲ್ಲ. ಆಫ್ ಮಾಡಿ, ಚಾರ್ಜರ್ ತೆಗೆದು, ಹಾಸಿಗೆ, ಕಾಗದ, ಬಟ್ಟೆಗಳಿಂದ ದೂರ ಬರೀ ಕಲ್ಲಿನ ನೆಲದ ಮೇಲೆ ಇಡಿ. ನಮ್ಮ ಮನೆಗಳ ಶಹಾಬಾದ್ ಫರಸಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಉಬ್ಬನ್ನು ಒತ್ತಿ ಕೂರಿಸಲು, ಸೂಜಿಯಿಂದ ಗಾಳಿ ಬಿಡಲು ಹೋಗಬೇಡಿ. ಲಿಥಿಯಂ ಬ್ಯಾಟರಿ ಚುಚ್ಚಿದರೆ ಒಳಗೇ ಶಾರ್ಟ್ ಆಗಿ ಉರಿಯುತ್ತದೆ.

## ಕ್ಯಾಮೆರಾ ತೆರೆದರೆ ಕಪ್ಪು, ಅಥವಾ ತೆರೆದು ಮುಚ್ಚಿಕೊಳ್ಳುತ್ತದೆ

ಮೊದಲು ಮೇಲಿನ ಪಟ್ಟಿ ಎಳೆದು ನೋಡಿ. ಆಂಡ್ರಾಯ್ಡ್ 12ರಿಂದ ಕ್ಯಾಮೆರಾ ಮತ್ತು ಮೈಕ್ ಎರಡಕ್ಕೂ ಇಡೀ ಫೋನಿಗೆ ಅನ್ವಯಿಸುವ ಗುಂಡಿಗಳು ಬಂದಿವೆ. ಆಫ್ ಇದ್ದರೆ ಆ್ಯಪ್‌ಗಳಿಗೆ ಖಾಲಿ ಚಿತ್ರ ಸಿಗುತ್ತದೆ. ಮಕ್ಕಳ ಕೈಗೆ ಫೋನ್ ಕೊಟ್ಟ ಮನೆಗಳಲ್ಲಿ ಇದು ಸಾಮಾನ್ಯ.

ಅದು ಸರಿಯಿದ್ದರೆ ಕ್ಯಾಮೆರಾ ಆ್ಯಪ್ ಬಿಟ್ಟು ಬೇರೊಂದರಲ್ಲಿ ನೋಡಿ. ವಾಟ್ಸ್‌ಆ್ಯಪ್ ಒಳಗಿನ ಕ್ಯಾಮೆರಾ ಸಾಕು, ಯುಪಿಐ ಆ್ಯಪ್‌ನ ಕ್ಯೂಆರ್ ಸ್ಕ್ಯಾನ್ ಕೂಡ ಸಾಕು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ದೋಷ ಆ್ಯಪ್‌ನದು. ಅದರ ಅನುಮತಿ ನೋಡಿ, ಕ್ಯಾಶೆ, ಅಂದರೆ ಅದು ಕೂಡಿಟ್ಟುಕೊಂಡ ತಾತ್ಕಾಲಿಕ ಕಡತಗಳನ್ನು ಅಳಿಸಿ. ಅಲ್ಲಿಗೆ ಮುಗಿಯಿತು.

ಎಲ್ಲದರಲ್ಲೂ ಕಪ್ಪಾದರೆ ಟಾರ್ಚ್ ಹಾಕಿ. ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ, ಏಕೆಂದರೆ ಒಂದು ಕಾಸೂ ಬೇಡ. ಆಂಡ್ರಾಯ್ಡ್‌ನಲ್ಲಿ ಟಾರ್ಚಿನ ಕೋರಿಕೆಯೂ ಕ್ಯಾಮೆರಾ ಸೇವೆಯ ಮೂಲಕವೇ ಕ್ಯಾಮೆರಾ ಹ್ಯಾಲ್‌ಗೆ ಹೋಗುತ್ತದೆ. ಟಾರ್ಚ್ ಉರಿದು ಕ್ಯಾಮೆರಾ ಮಾತ್ರ ಕಪ್ಪಾಗಿದ್ದರೆ ದಲಾಲಿಯೂ ಮೇಸ್ತ್ರಿಯೂ ಬದುಕಿದ್ದಾರೆ. ತೊಂದರೆ ಆ ಒಂದು ಮಾಡ್ಯೂಲ್ ಅಥವಾ ಅದರ ಕನೆಕ್ಟರ್‌ನ ಕಡೆಗೆ ವಾಲುತ್ತದೆ. ಟಾರ್ಚಿನ ಗುಂಡಿ ಮಸುಕಾಗಿ, ಕ್ಯಾಮೆರಾ ಬಳಕೆಯಲ್ಲಿದೆ ಎಂದು ಬಂದರೆ ಯಾವುದೋ ಆ್ಯಪ್ ಕ್ಯಾಮೆರಾವನ್ನು ಹಿಡಿದುಕೊಂಡು ಬಿಟ್ಟಿಲ್ಲ. ಸೇಫ್ ಮೋಡ್‌ನಲ್ಲಿ ನೋಡಿ. ಅಲ್ಲಿ ಸರಿಯಾದರೆ ಇತ್ತೀಚೆಗೆ ಹಾಕಿದ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಟಾರ್ಚೂ ಇಲ್ಲ, ಮುಂದಿನ ಹಿಂದಿನ ಎರಡೂ ಕ್ಯಾಮೆರಾಗಳಿಲ್ಲ ಎಂದಾದರೆ ಸೇವೆ ಅಥವಾ ಹ್ಯಾಲ್ ಬಿದ್ದಿದೆ.

ಆಗ ಒಮ್ಮೆ ಪೂರ್ತಿ ರೀಸ್ಟಾರ್ಟ್ ಮಾಡಿ. ರೀಸ್ಟಾರ್ಟ್ ಎಂದರೆ ಕೆಲವರು ನಗುತ್ತಾರೆ. ಫೋನ್ ಏಳುವಾಗ ಡ್ರೈವರ್ ಪ್ರತಿಯೊಂದು ಚಿಪ್ಪನ್ನೂ ಮತ್ತೆ ಕರೆದು, ಇದ್ದೀಯಾ ಎಂದು ಕೇಳುತ್ತದೆ. ಕ್ಯಾಮೆರಾ ಸಂವೇದಕ ಓಗೊಟ್ಟರೆ ಅದು ಪಟ್ಟಿಗೆ ಸೇರುತ್ತದೆ. ಇಲ್ಲವಾದರೆ ಆ ಕ್ಯಾಮೆರಾ ಇಲ್ಲವೇ ಇಲ್ಲ ಎಂದು ಮೇಲಿನವರೆಲ್ಲ ನಂಬುತ್ತಾರೆ. ಆದ್ದರಿಂದ ರೀಸ್ಟಾರ್ಟ್ ಆದ ಮೇಲೆ ಒಂದು ನಿಮಿಷ ಸರಿಯಿದ್ದು, ಕಿಸೆಯಲ್ಲಿಟ್ಟು ತೆಗೆದಾಗ ಮತ್ತೆ ಹೋದರೆ ಸಡಿಲ ಕನೆಕ್ಟರ್ ಎಂದು ಬಹುಮಟ್ಟಿಗೆ ಹೇಳಬಹುದು. ಫೋನ್ ಬಿದ್ದ ದಿನದಿಂದ ಶುರುವಾಗಿದ್ದರೆ ಅನುಮಾನವೇ ಬೇಡ. ಕೆಲವು ಮಾದರಿಗಳಲ್ಲಿ ಹಾಳಾದ ಒಂದೇ ಮಾಡ್ಯೂಲ್ ಇಡೀ ಕ್ಯಾಮೆರಾ ಹ್ಯಾಲ್ ಅನ್ನು ಮತ್ತೆ ಮತ್ತೆ ಬೀಳಿಸುವುದೂ ಉಂಟು. ಅಂಥದರಲ್ಲಿ ನಾವು ಕ್ಯಾಮೆರಾಗಳನ್ನು ಒಂದೊಂದಾಗಿ ಕಳಚಿ ಯಾವುದನ್ನು ತೆಗೆದಾಗ ಉಳಿದವು ಏಳುತ್ತವೆ ಎಂದು ನೋಡುತ್ತೇವೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

## ಪರದೆಯಲ್ಲಿ ಗೆರೆ, ಕಲೆ, ಮಿನುಗು

ಒಂದು ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೆ ಕಳಿಸಿ. ಸ್ಕ್ರೀನ್‌ಶಾಟ್ ಹುಟ್ಟುವುದು ಆಂಡ್ರಾಯ್ಡ್ ಚಿತ್ರವನ್ನು ಜೋಡಿಸುವ ಹಂತದಲ್ಲಿ, ಗಾಜಿನ ಮೇಲಲ್ಲ. ಇನ್ನೊಂದು ಫೋನಿನಲ್ಲಿ ಗೆರೆ ಕಾಣದಿದ್ದರೆ ದೋಷ ಪರದೆಯದು ಅಥವಾ ಅದರ ಕೇಬಲ್‌ನದು. ಅಲ್ಲೂ ಕಂಡರೆ ತಂತ್ರಾಂಶದ್ದು. ಆನ್ ಮಾಡುವಾಗ ಲೋಗೋ ಮೇಲೂ ಗೆರೆ ಇದೆಯೇ ಎಂದು ನೋಡಿದರೆ ಸಾಕ್ಷಿ ಎರಡಾಯಿತು. ಇಷ್ಟು ತಿಳಿದ ಮೇಲೂ ಸಾಫ್ಟ್‌ವೇರ್ ಹಾಕಿಕೊಡಿ ಎಂದು ಬರುವವರಿಗೆ ನಾನು ಏನು ಹೇಳಲಿ.

## ಬೆರಳಿಟ್ಟರೆ ಸ್ಪಂದನೆ ಇಲ್ಲ, ಅಥವಾ ತಾನೇ ಒತ್ತಿಕೊಳ್ಳುತ್ತದೆ

ತಾನೇ ಒತ್ತಿಕೊಳ್ಳುವುದನ್ನು ನಮ್ಮಲ್ಲಿ ದೆವ್ವ ಹಿಡಿದಿದೆ ಎನ್ನುತ್ತಾರೆ. ದೆವ್ವ ಹೆಚ್ಚಾಗಿ ಚಾರ್ಜರ್‌ನಲ್ಲಿ ಇರುತ್ತದೆ. ಸ್ಪರ್ಶ ಪರದೆ ಬೆರಳಿನ ಅತಿ ಸಣ್ಣ ವಿದ್ಯುತ್ ಬದಲಾವಣೆಯನ್ನು ಅಳೆಯುತ್ತದೆ. ಕಳಪೆ ಚಾರ್ಜರ್‌ನಿಂದ ಬರುವ ವಿದ್ಯುತ್ ಗದ್ದಲ ಅದಕ್ಕೆ ಬೆರಳಿನಂತೆಯೇ ಕಾಣುತ್ತದೆ. ಚಾರ್ಜರ್ ಕಿತ್ತು ನೋಡಿ. ನಿಂತರೆ ಚಾರ್ಜರ್ ಬದಲಿಸಿ, ಫೋನಿಗೆ ಏನೂ ಆಗಿಲ್ಲ. ನಿಲ್ಲದಿದ್ದರೆ ಗಾಜಿನ ಕವಚ ತೆಗೆದು, ಪರದೆಯ ಬೆವರು ಮತ್ತು ದೂಳನ್ನು ಒಣ ಬಟ್ಟೆಯಿಂದ ಒರೆಸಿ. ತೊಗರಿ ರಾಶಿಯ ಕಾಲದಲ್ಲಿ, ಫರಸಿ ಪಾಲಿಶ್ ಮಾಡುವ ಕಡೆಗಳಲ್ಲಿ ಕವಚದ ಅಂಚಿನೊಳಗೆ ಕೂರುವ ದೂಳು ಬೆವರಿನೊಂದಿಗೆ ಸೇರಿ ಕೆಸರಾಗಿರುತ್ತದೆ.

ಮುಂದಿನದು ಡೆವಲಪರ್ ಆಯ್ಕೆ. ಫೋನ್ ಕುರಿತ ಪುಟದಲ್ಲಿ ಬಿಲ್ಡ್ ಸಂಖ್ಯೆಯನ್ನು ಏಳು ಸಲ ಒತ್ತಿದರೆ ಅದು ತೆರೆಯುತ್ತದೆ. ಒಳಗೆ ಪಾಯಿಂಟರ್ ಸ್ಥಾನ ತೋರಿಸುವ ಆಯ್ಕೆಯನ್ನು ಆನ್ ಮಾಡಿ, ಬೆರಳನ್ನು ನಿಧಾನವಾಗಿ ಅಡ್ಡಡ್ಡ ಎಳೆಯುತ್ತ ಪರದೆಯನ್ನೆಲ್ಲ ಗೀಚಿ. ಹೊಲ ಉಳುವಂತೆ ಸಾಲು ಬಿಡದೆ ಗೀಚಬೇಕು. ಗೆರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ತುಂಡಾದರೆ ಗಾಜಿನ ಆ ಪಟ್ಟಿ ಸತ್ತಿದೆ. ಬೆರಳಿಡದ ಕಡೆ ಗೆರೆ ಮೂಡಿದರೆ ಅದೂ ಗಾಜಿನದೇ. ಗೆರೆ ಎಲ್ಲೆಡೆ ಸರಿಯಾಗಿ ಬಂದು ಒಂದು ಆ್ಯಪ್ ಮಾತ್ರ ಕೇಳದಿದ್ದರೆ ಗಾಜು ನಿರಪರಾಧಿ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ *#0*# ಎಂದು, ಶಿಯೋಮಿಯವುಗಳಲ್ಲಿ *#*#6484#*#* ಎಂದು ಡಯಲ್ ಮಾಡಿದರೆ ತಯಾರಕರ ಪರೀಕ್ಷಾ ಪಟ್ಟಿಯೇ ಬರುತ್ತದೆ. ಸ್ಪರ್ಶ, ಸ್ಪೀಕರ್, ಸಂವೇದಕ ಎಲ್ಲವನ್ನೂ ಅಲ್ಲಿ ನೋಡಬಹುದು.

ಪೂರ್ತಿ ಸತ್ತ ಸ್ಪರ್ಶಕ್ಕೆ, ಫೋನಿನ ಚಾರ್ಜಿಂಗ್ ಪೋರ್ಟಿಗೆ ಯುಎಸ್‌ಬಿ ಸಾಧನ ಜೋಡಿಸುವ ಒಂದು ಒಟಿಜಿ ಕೊಂಡಿ ತಂದು ಕಂಪ್ಯೂಟರಿನ ಮೌಸ್ ಸಿಕ್ಕಿಸಿ. ಬಾಣ ಬಂದರೆ ಆಂಡ್ರಾಯ್ಡ್ ಬದುಕಿದೆ, ಸ್ಪರ್ಶದ ದಾರಿ ಮಾತ್ರ ಕೆಟ್ಟಿದೆ. ಆ ಮೌಸ್‌ನಿಂದಲೇ ಮೊದಲು ಫೋಟೊಗಳನ್ನು ಬೇರೆಡೆಗೆ ಸಾಗಿಸಿ. ಕಂಪ್ಯೂಟರ್ ಬಲ್ಲವರು ಇನ್ನೊಂದು ಹೆಜ್ಜೆ ಇಡಬಹುದು. ಡೆವಲಪರ್ ಆಯ್ಕೆಯಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಎಂಬ ಸಾಧನದ ಶೆಲ್‌ನಲ್ಲಿ ಗೆಟ್‌ಇವೆಂಟ್ (getevent) ಆದೇಶ ಕೊಟ್ಟು ಪರದೆ ಮುಟ್ಟಬೇಕು. ಅದು ಕರ್ನಲ್‌ನಿಂದ ಬರುವ ಕಚ್ಚಾ ಸುದ್ದಿಯನ್ನು ಹಾಗೆಯೇ ತೋರಿಸುತ್ತದೆ. ಅಂಕಿಗಳು ಹರಿದು ಬಂದರೆ ಗಾಜೂ ಡ್ರೈವರೂ ಕೆಲಸ ಮಾಡುತ್ತಿವೆ, ದೋಷ ಮೇಲೆ ಎಲ್ಲೋ ಇದೆ. ಒಂದು ಸಾಲೂ ಬರದಿದ್ದರೆ ಕೆಳಗೆ. ಈ ಒಂದು ಆದೇಶ ನನ್ನ ಎಷ್ಟೋ ಮಧ್ಯಾಹ್ನಗಳನ್ನು ಉಳಿಸಿದೆ.

## ಕರೆ ಮಾಡಿದ ಕೂಡಲೇ ಪರದೆ ಕಪ್ಪಾಗಿ, ಕಟ್ ಮಾಡಲೂ ಆಗುವುದಿಲ್ಲ

ಕಿವಿಯ ಬಳಿ ಫೋನ್ ಬಂತೇ ಎಂದು ನೋಡುವ ಸಾಮೀಪ್ಯ ಸಂವೇದಕ ಮುಚ್ಚಿಕೊಂಡಿದೆ. ದಪ್ಪ ಗಾಜಿನ ಕವಚ ತೆಗೆಯಿರಿ, ಮೇಲಂಚು ಒರೆಸಿ. ಪರದೆ ಬದಲಿಸಿದ ಮೇಲೆ ಶುರುವಾಗಿದ್ದರೆ ಬದಲಿಸಿದವರ ಬಳಿಗೇ ಹೋಗಿ. ಸಂವೇದಕದ ರಬ್ಬರ್ ಕೊಳವೆಯನ್ನು ಮರಳಿ ಕೂರಿಸದೆ ಬಿಟ್ಟಿರುತ್ತಾರೆ.

## ಚಾರ್ಜ್ ಆಗುವುದಿಲ್ಲ, ನಿಧಾನ, ನಡುವೆ ನಿಲ್ಲುತ್ತದೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಯ ಮೇಲೆ ಚಾರ್ಜ್ ಮಾಡುವಂತಿಲ್ಲ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ ದಾರಿ ನೋಡುತ್ತ ಸೇಡಂನಿಂದ ಕಲಬುರಗಿಗೆ ಬಂದ ಫೋನ್ ಒಳಗೆ ಆ ಮಟ್ಟವನ್ನು ಸುಲಭವಾಗಿ ಮುಟ್ಟಿರುತ್ತದೆ. ಬ್ಯಾಟರಿಯ ಪಕ್ಕದ ಶಾಖ ಸಂವೇದಕ ಹೇಳುತ್ತದೆ, ಕರ್ನಲ್ ಚಾರ್ಜಿಂಗ್ ಚಿಪ್‌ಗೆ ಕರೆಂಟು ಇಳಿಸು ಎನ್ನುತ್ತದೆ, ಚಿಪ್ ಇಳಿಸುತ್ತದೆ ಅಥವಾ ನಿಲ್ಲಿಸುತ್ತದೆ. ಇದು ದೋಷವಲ್ಲ, ಕಾವಲು. ಕವರ್ ತೆಗೆದು ನೆರಳಲ್ಲಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಇಟ್ಟು ಮತ್ತೆ ಹಾಕಿ. ಫ್ರಿಜ್‌ನಲ್ಲಿ ಇಡುವವರನ್ನು ನೋಡಿದ್ದೇನೆ. ಬಿಸಿ ಫೋನ್ ತಣ್ಣನೆಯ ಪೆಟ್ಟಿಗೆಯಿಂದ ಹೊರಬಂದಾಗ ಒಳಗೆ ತೇವ ಕೂರುತ್ತದೆ. ಒಂದು ರೋಗಕ್ಕೆ ಎರಡಾಗುತ್ತದೆ.

ತಣ್ಣಗಿದ್ದರೂ ಆಗದಿದ್ದರೆ ಕ್ರಮವಾಗಿ ನೋಡಿ: ಗೋಡೆಯ ಪ್ಲಗ್, ಬೇರೆ ಕೇಬಲ್, ಬೇರೆ ಚಾರ್ಜರ್. ಕೇಬಲ್ ಕೆಡುವಷ್ಟು ಮತ್ತಾವುದೂ ಕೆಡುವುದಿಲ್ಲ. ನಂತರ ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಹತ್ತಿಯ ಎಳೆ, ಕಿಸೆಯ ದೂಳು ಒಳಗೆ ಒತ್ತಿ ಒತ್ತಿ ಗಟ್ಟಿಯಾಗಿರುತ್ತದೆ. ಕೇಬಲ್ ಪೂರ್ತಿ ಕೂರದೆ ಅಲುಗುತ್ತದೆ. ಫೋನ್ ಆಫ್ ಮಾಡಿ, ಒಣ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎತ್ತಿ ತೆಗೆಯಿರಿ. ಗುಂಡುಸೂಜಿ, ಸಿಮ್ ಪಿನ್ ಬೇಡ. ಒಳಗಿನ ಸಂಪರ್ಕಗಳು ಬಾಗಿದರೆ ಅಥವಾ ಒಂದಕ್ಕೊಂದು ತಾಗಿದರೆ ಕೆಲಸ ಪೋರ್ಟಿನಿಂದ ಬೋರ್ಡಿಗೆ ಹೋಗುತ್ತದೆ.

ತೇವದ ಎಚ್ಚರಿಕೆ ಬಂದರೆ ಕೇಬಲ್ ತೆಗೆದು ಗಾಳಿಯಾಡುವ ಕಡೆ ಒಣಗಲು ಬಿಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಲಾಭವಿಲ್ಲ; ಅಕ್ಕಿಯ ಹಿಟ್ಟು ಪೋರ್ಟಿಗೆ ಸೇರುತ್ತದೆ, ಅಷ್ಟೇ. ನೀರಿಗೆ ಪೂರ್ತಿ ಬಿದ್ದ ಫೋನ್ ಆನ್ ಮಾಡಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಚಿಪ್‌ಗಳನ್ನು ಹೆಚ್ಚಾಗಿ ಕೊಲ್ಲುವುದು ನೀರಲ್ಲ, ನೀರಿರುವಾಗ ಹರಿಯುವ ಕರೆಂಟು.

ಮಿಂಚಿನ ಗುರುತು ಬರುತ್ತದೆ, ಶೇಕಡಾವಾರು ಏರುವುದಿಲ್ಲ ಎಂದರೆ ಒಮ್ಮೆ ಆಫ್ ಮಾಡಿ ಚಾರ್ಜಿಗೆ ಹಾಕಿ. ಆಫ್ ಇದ್ದಾಗ ಸರಿಯಾಗಿ ಏರಿದರೆ ಆನ್ ಇದ್ದಾಗ ಯಾವುದೋ ಆ್ಯಪ್ ಕುಡಿದುಬಿಡುತ್ತಿದೆ. ಆಫ್ ಇದ್ದರೂ ಏರದಿದ್ದರೆ ಬ್ಯಾಟರಿ ಅಥವಾ ಚಾರ್ಜಿಂಗ್ ಚಿಪ್, ಇಲ್ಲಿ ನಿಲ್ಲಿಸಿ.

## ನಾನು ಮಾತಾಡಿದ್ದು ಅವರಿಗೆ ಕೇಳಿಸುವುದಿಲ್ಲ

ಹೆಚ್ಚಿನ ಫೋನಿನಲ್ಲಿ ಮೈಕ್ ಒಂದೇ ಇರುವುದಿಲ್ಲ. ಕರೆಗೆ ಕೆಳಗಿನದು, ಗದ್ದಲ ಕಳೆಯಲು ಮೇಲಿನದು. ಧ್ವನಿ ರೆಕಾರ್ಡರ್‌ನಲ್ಲಿ ಮಾತಾಡಿ ಕೇಳಿ, ನಂತರ ವಿಡಿಯೊ ತೆಗೆದು ಕೇಳಿ, ಕೊನೆಗೆ ಸ್ಪೀಕರ್ ಆನ್ ಮಾಡಿ ಕರೆ ಮಾಡಿ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಒಂದು ಮೈಕಿನ ತೂತು ಮುಚ್ಚಿದೆ ಅಥವಾ ಅದು ಸತ್ತಿದೆ. ಮೂರರಲ್ಲೂ ಪೂರ್ತಿ ಮೌನವಾದರೆ ಮೊದಲು ಮೈಕ್ ಪ್ರವೇಶದ ಗುಂಡಿ, ಆಮೇಲೆ ಬ್ಲೂಟೂತ್ ನೋಡಿ. ಪಕ್ಕದ ಕೋಣೆಯಲ್ಲಿ ಬಿದ್ದಿರುವ ಇಯರ್‌ಬಡ್‌ಗೆ ಫೋನ್ ಜೋಡಿಕೊಂಡು ಅದರ ಮೈಕಿಗೇ ಕಿವಿಗೊಟ್ಟು ಕೂತಿರುತ್ತದೆ. ಮೈಕ್ ತೂತಿಗೆ ಸೂಜಿ ಚುಚ್ಚಬೇಡಿ. ತೂತಿನ ಹಿಂದೆ ತೆಳು ಜಾಲರಿ, ಅದರ ಹಿಂದೆಯೇ ಮೈಕ್.

## ಸಿಗ್ನಲ್ ಇಲ್ಲ, ಇಂಟರ್‌ನೆಟ್ ಇಲ್ಲ

ಟವರ್ ಜೊತೆ ಮಾತಾಡುವ ಭಾಗವಾದ ಮೋಡೆಮ್ ಒಂದು ಬೇರೆಯೇ ಲೋಕ. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ತಂತ್ರಾಂಶ. ಆಂಡ್ರಾಯ್ಡ್ ಅದರೊಂದಿಗೆ ರೇಡಿಯೊ ಪದರದ ಮೂಲಕ ಸಂದೇಶ ಕಳಿಸಿ ಮಾತಾಡುತ್ತದೆ, ಅಷ್ಟೇ. ಏರ್‌ಪ್ಲೇನ್ ಮೋಡ್ ಹಾಕಿ ತೆಗೆದರೆ ರೇಡಿಯೊ ಆರಿ ಮತ್ತೆ ಹೊತ್ತಿ, ಟವರ್‌ನಲ್ಲಿ ಹೊಸದಾಗಿ ಹೆಸರು ಬರೆಸಿಕೊಳ್ಳುತ್ತದೆ. ಅದೇ ಮೊದಲ ಪರೀಕ್ಷೆ. ಎರಡನೆಯದು ಸಿಮ್ ಅನ್ನು ಬೇರೆ ಫೋನಿಗೆ ಹಾಕುವುದು.

ಗಡಿಯ ಊರಿನವರಿಗೆ ಇನ್ನೊಂದು ಮಾತು. ಔರಾದ್, ಭಾಲ್ಕಿ ಕಡೆ ಮಹಾರಾಷ್ಟ್ರದ ಟವರ್, ಗುರುಮಠಕಲ್ ಕಡೆ ತೆಲಂಗಾಣದ ಟವರ್ ಹತ್ತಿರವಾಗಿ, ಫೋನ್ ಆಚೆಗಿನದನ್ನು ಹಿಡಿಯಬಹುದು. ದೂರಸಂಪರ್ಕದ ಲೆಕ್ಕದಲ್ಲಿ ಮಹಾರಾಷ್ಟ್ರ ಬೇರೆ ವಲಯ. ತೆಲಂಗಾಣ ಆಂಧ್ರಪ್ರದೇಶ ವಲಯದಲ್ಲಿದೆ. ಆಗ ಸಿಗ್ನಲ್ ಪಕ್ಕ ರೋಮಿಂಗ್ ಗುರುತು ಬರುತ್ತದೆ, ಡೇಟಾ ರೋಮಿಂಗ್ ಆಫ್ ಇದ್ದರೆ ಕರೆ ಹೋಗುತ್ತದೆ, ಇಂಟರ್‌ನೆಟ್ ನಿಲ್ಲುತ್ತದೆ. ಮನೆಯ ಈ ಮೂಲೆಯಲ್ಲಿ ಬರುತ್ತದೆ ಆ ಮೂಲೆಯಲ್ಲಿ ಬರುವುದಿಲ್ಲ ಎಂಬ ದೂರಿನ ಹಿಂದೆ ಕೆಲವೊಮ್ಮೆ ರಾಜ್ಯದ ಗಡಿಯೇ ಇರುತ್ತದೆ. ಡೇಟಾ ರೋಮಿಂಗ್ ಆನ್ ಮಾಡಿ ಅಥವಾ ಸ್ವಯಂಚಾಲಿತ ಆಯ್ಕೆ ಬಿಟ್ಟು ಜಾಲವನ್ನು ಕೈಯಾರೆ ಆರಿಸಿ. ಇದರ ಉಲ್ಟಾ, ಇಂಟರ್‌ನೆಟ್ ಇದೆ ಕರೆ ಮಾತ್ರ ಹೋಗುವುದಿಲ್ಲ ಎಂದರೆ ವೋಲ್ಟೆ ನೋಡಿ. 4ಜಿಯಲ್ಲಿ ಮಾತು ಸಾಗುವುದು ಅದರಿಂದಲೇ.

ಇನ್ನೂ ಬರದಿದ್ದರೆ *#06# ಎಂದು ಡಯಲ್ ಮಾಡಿ. ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಬರಬೇಕು. ಫೋನ್ ಕುರಿತ ಪುಟದಲ್ಲಿ ಬೇಸ್‌ಬ್ಯಾಂಡ್, ಅಂದರೆ ಮೋಡೆಮ್ ತಂತ್ರಾಂಶದ ಆವೃತ್ತಿಯೂ ಇರಬೇಕು. ಎರಡೂ ಖಾಲಿ ಇದ್ದರೆ ಆಂಡ್ರಾಯ್ಡ್‌ಗೆ ಮೋಡೆಮ್‌ನ ಪರಿಚಯವೇ ಇಲ್ಲ. ಮೋಡೆಮ್ ತಂತ್ರಾಂಶ ಏಳುತ್ತಿಲ್ಲ ಅಥವಾ ಚಿಪ್‌ನ ಬೆಸುಗೆ ಬಿಟ್ಟಿದೆ. ನೆಟ್‌ವರ್ಕ್ ರಿಸೆಟ್‌ನಿಂದ ಸರಿಹೋಗುವ ಹಂತ ದಾಟಿದೆ, ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯಿರಿ. ಬೇರೆ ಐಎಂಇಐ ಬರೆದುಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಫೋನ್ ಎತ್ತಿಕೊಂಡು ಹೊರಬನ್ನಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ.

## ಜಿಪಿಎಸ್ ಬೇರೆ ಊರು ತೋರಿಸುತ್ತದೆ, ಬೆರಳಚ್ಚು ಒಪ್ಪುವುದಿಲ್ಲ

ಉಪಗ್ರಹ ತನ್ನ ವಿಳಾಸವನ್ನು ಸೆಕೆಂಡಿಗೆ 50 ಬಿಟ್‌ನಷ್ಟೇ ವೇಗದಲ್ಲಿ ಹೇಳುತ್ತದೆ. ಇಂಟರ್‌ನೆಟ್ ನೆರವಿಲ್ಲದೆ ಮೊದಲ ಸಲ ಜಾಗ ಹಿಡಿಯಲು ಬಯಲಿನಲ್ಲೂ ಕನಿಷ್ಠ ಅರ್ಧ ನಿಮಿಷ ಬೇಕು. ಕೋಣೆಯೊಳಗೆ ಕುಳಿತು ಬೈಯುವ ಮುನ್ನ ಮಾಳಿಗೆ ಹತ್ತಿ ಎರಡು ನಿಮಿಷ ನಿಲ್ಲಿ. ಜಾಗ ಸರಿ, ದಿಕ್ಕು ಮಾತ್ರ ತಪ್ಪು ಎಂದರೆ ಅಯಸ್ಕಾಂತ ಇರುವ ಫ್ಲಿಪ್ ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರಂತೆ ತಿರುಗಿಸಿ.

ಬೆರಳಚ್ಚಿನ ಹೋಲಿಕೆ ನಡೆಯುವುದು ಪ್ರೊಸೆಸರ್‌ನ ಪ್ರತ್ಯೇಕ ಸುರಕ್ಷಿತ ಕೋಣೆಯಲ್ಲಿ. ಆ್ಯಪ್‌ಗೆ ಸಿಗುವುದು ಹೌದು ಅಥವಾ ಇಲ್ಲ ಮಾತ್ರ. ಹತ್ತಿ ಬಿಡಿಸುವ, ಕಲ್ಲು ಕೆಲಸ ಮಾಡುವ ಕೈಗಳಲ್ಲಿ ರೇಖೆಗಳೇ ಸವೆದಿರುತ್ತವೆ. ಎಡಗೈಯ ಕಿರುಬೆರಳನ್ನು ಹೊಸದಾಗಿ ಸೇರಿಸಿ ನೋಡಿ, ಕೆಲಸ ಆದೀತು. ಪರದೆ ಬದಲಿಸಿದ ಮೇಲೆ ನಿಂತಿದ್ದರೆ ಕಾರಣ ಬೇರೆ. ಪರದೆಯ ಕೆಳಗೆ ಬೆಳಕಿನಿಂದ ಓದುವ ಸಂವೇದಕಕ್ಕೆ ಓಎಲ್‌ಇಡಿ ಪರದೆಯೇ ಬೇಕು. ಅಗ್ಗವೆಂದು ಎಲ್‌ಸಿಡಿ ನಕಲು ಹಾಕಿದ್ದರೆ ಬೆಳಕು ಕೆಳಗಿಳಿಯುವುದೇ ಇಲ್ಲ.

## ತಾನಾಗಿ ರೀಸ್ಟಾರ್ಟ್ ಆಗುತ್ತದೆ

ಸೆಟ್ಟಿಂಗ್ಸ್‌ನಲ್ಲಿ ಫೋನ್ ಕುರಿತ ಪುಟದಲ್ಲಿ ಅಪ್‌ಟೈಮ್ ಎಂಬ ಸಾಲು ಹುಡುಕಿ, ರೀಸ್ಟಾರ್ಟ್ ಆದ ಕೂಡಲೇ ನೋಡಿ. ಗಂಟೆಗಳು ಹಾಗೆಯೇ ಮುಂದುವರಿದಿದ್ದರೆ ಕರ್ನಲ್ ಬಿದ್ದಿಲ್ಲ, ಮೇಲಿನ ಆಂಡ್ರಾಯ್ಡ್ ಮಾತ್ರ ಬಿದ್ದು ಎದ್ದಿದೆ. ಮುಖ್ಯ ಸೇವೆಯೊಂದು ಒಂದು ನಿಮಿಷದವರೆಗೆ ಉತ್ತರ ಕೊಡದಿದ್ದರೆ ಒಳಗಿನ ಕಾವಲುಗಾರ ಅದನ್ನು ಹೀಗೆ ಕೆಡವಿ ಎಬ್ಬಿಸುತ್ತಾನೆ. ಖಾಲಿ ಜಾಗ ಇಲ್ಲದಿರುವುದು, ಹಾಳಾದ ಮೆಮೊರಿ ಕಾರ್ಡ್, ಹೊಸ ಆ್ಯಪ್ ಈ ಮೂರನ್ನು ನೋಡಿ. ಅಪ್‌ಟೈಮ್ ಸೊನ್ನೆಯಿಂದ ಶುರುವಾಗಿದ್ದು, ಫೋನ್ ನಡುಗಿ ಕಂಪನಿಯ ಲೋಗೋದಿಂದಲೇ ಎದ್ದಿದ್ದರೆ ಕರ್ನಲ್ ಅಥವಾ ಕರೆಂಟಿನ ವಿಷಯ. ಶೇಕಡಾ 30 ತೋರಿಸುತ್ತಿದ್ದು, ಫ್ಲಾಶ್ ಹಾಕಿ ಫೋಟೊ ತೆಗೆದಾಗ ಆರಿಹೋದರೆ ಹಳೆಯ ಬ್ಯಾಟರಿ.

## ಲೋಗೋದಲ್ಲೇ ನಿಂತಿದೆ

ಇಲ್ಲಿ ಆತುರವೇ ಶತ್ರು. ಅಪ್‌ಡೇಟ್ ಆದ ಮೇಲಿನ ಮೊದಲ ಏಳಿಕೆ ನಿಧಾನ, ಕಾಯಿರಿ. ಆಂಡ್ರಾಯ್ಡ್ 7ರಿಂದ ಹಲವು ಫೋನ್‌ಗಳಲ್ಲಿ ವ್ಯವಸ್ಥೆಯ ಎರಡು ಪ್ರತಿಗಳಿರುತ್ತವೆ. ಹೊಸದು ಏಳದಿದ್ದರೆ ಕೆಲವು ಪ್ರಯತ್ನಗಳ ನಂತರ ಹಳೆಯದಕ್ಕೆ ತಾನೇ ಮರಳುತ್ತದೆ. ಮೆಮೊರಿ ಕಾರ್ಡ್, ಸಿಮ್ ತೆಗೆದು ನೋಡಿ. ಸೇಫ್ ಮೋಡ್‌ಗೆ ಹೋಗುತ್ತದೆಯೇ ನೋಡಿ. ಹೋದರೆ ಫೋಟೊಗಳನ್ನು ಆಗಲೇ ತೆಗೆದಿಟ್ಟುಕೊಳ್ಳಿ. ಪವರ್ ಮತ್ತು ಧ್ವನಿ ಏರಿಸುವ ಗುಂಡಿ ಹಿಡಿದಾಗ, ಆಂಡ್ರಾಯ್ಡ್ ಏಳದಿದ್ದಾಗ ದುರಸ್ತಿಗೆಂದೇ ಇರುವ ರಿಕವರಿ ಪಟ್ಟಿ ಬಂದರೆ ಪರದೆ, ಸಂಗ್ರಹ, ಪ್ರೊಸೆಸರ್ ಮೂರೂ ಒಂದು ಮಟ್ಟಿಗೆ ಬದುಕಿವೆ ಎಂದರ್ಥ.

ಆ ಪಟ್ಟಿಯಲ್ಲಿ ಕ್ಯಾಶೆ ಅಳಿಸುವ ಸಾಲಿದ್ದರೆ ಅದರಿಂದ ಹಾನಿಯಿಲ್ಲ. ಅದರ ಪಕ್ಕದಲ್ಲೇ ಡೇಟಾ ಅಳಿಸುವ ಸಾಲು ಇರುತ್ತದೆ, ಕೈ ಜಾರಬೇಡಿ. ಆಂಡ್ರಾಯ್ಡ್ 10ರೊಂದಿಗೆ ಮತ್ತು ನಂತರ ಮಾರುಕಟ್ಟೆಗೆ ಬಂದ ಫೋನ್‌ಗಳಲ್ಲಿ ಕಡತಗಳು ಗೂಢಲಿಪಿಯಲ್ಲೇ ಇರುತ್ತವೆ. ಅಳಿಸಿದರೆ ಬೀಗದ ಕೈಯೂ ಹೋಗುತ್ತದೆ. ಚಿಪ್ ಕಿತ್ತು ಓದಿದರೂ ಸಿಗುವುದು ಅರ್ಥವಿಲ್ಲದ ಅಂಕಿಗಳು. ಎಲ್ಲಿಂದಲೋ ಇಳಿಸಿಕೊಂಡ ತಂತ್ರಾಂಶವನ್ನು ಹಾಕುವುದೂ ಬೇಡ. ಅದೇ ಹೆಸರಿನ ಫೋನ್ ಬೇರೆ ಚಿಪ್‌ನೊಂದಿಗೂ ಮಾರಾಟವಾಗಿರುತ್ತದೆ, ಒಂದರ ಹ್ಯಾಲ್ ಇನ್ನೊಂದಕ್ಕೆ ಹೊಂದುವುದಿಲ್ಲ.

ರಿಪೇರಿಗೆ ತರುವಾಗ ಒಂದು ಚೀಟಿ ಬರೆದು ತನ್ನಿ. ಯಾವತ್ತಿನಿಂದ, ಬಿದ್ದಿತ್ತೇ, ನೀರು ತಾಗಿತ್ತೇ, ಅಪ್‌ಡೇಟ್ ಆಗಿತ್ತೇ, ಸೇಫ್ ಮೋಡ್‌ನಲ್ಲಿ ಏನಾಯಿತು, ಟಾರ್ಚ್ ಉರಿಯಿತೇ, ಸ್ಕ್ರೀನ್‌ಶಾಟ್‌ನಲ್ಲಿ ಗೆರೆ ಇತ್ತೇ. ಸಿಮ್ ಮತ್ತು ಕಾರ್ಡ್ ತೆಗೆದಿಟ್ಟುಕೊಳ್ಳಿ, ಐಎಂಇಐ ಬರೆದಿಟ್ಟುಕೊಳ್ಳಿ. ಗೂಗಲ್ ಖಾತೆಯ ಪಾಸ್‌ವರ್ಡ್ ನಿಮಗೇ ನೆನಪಿದೆಯೇ ಎಂದು ಮನೆಯಲ್ಲೇ ಖಚಿತ ಮಾಡಿಕೊಳ್ಳಿ. ರಿಸೆಟ್ ಆದ ಮೇಲೆ ಫೋನ್ ಅದನ್ನೇ ಕೇಳುತ್ತದೆ, ಆಗ ಮಗ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಗೊತ್ತು ಎಂದರೆ ನಾವಿಬ್ಬರೂ ಅವನ ಫೋನ್ ಹತ್ತುವವರೆಗೆ ಕಾಯಬೇಕಾಗುತ್ತದೆ.